ಪಂಪು ನಿಂತ ಮೇಲೆ

ಬಂಡೆಯ ಬಿರುಕುಗಳಲ್ಲಿ ತುಂಬಿಕೊಂಡ ನೀರು ಅಂತರ್ಜಲ. ಅದರ ಮೇಲ್ಮೈ ಜಲಮಟ್ಟ. ಗಣಿ ಅದಕ್ಕಿಂತ ಕೆಳಗಿಳಿದರೆ ಸುರಂಗದೊಳಕ್ಕೆ ನೀರು ಜಿನುಗುತ್ತದೆ, ಅದನ್ನು ಎತ್ತಿ ಹೊರಹಾಕುತ್ತಲೇ ಇರಬೇಕು. ಪಕ್ಕದ ತೋಟದ ಬೋರ್‌ವೆಲ್ ನಮ್ಮ ಬಾವಿ ಬತ್ತಿಸುವ ಹಾಗೆ, ಗಣಿಯ ಪಂಪು ಸುತ್ತಲಿನ ಜಲಮಟ್ಟವನ್ನೂ ತಗ್ಗಿಸುತ್ತದೆ. ಗಣಿ ಮುಚ್ಚಿದ ಮೇಲೆ ಪಂಪಿನ ಕರೆಂಟ್ ಬಿಲ್ ಕಟ್ಟುವವರಿಲ್ಲ. ನೀರು ಮತ್ತೆ ಏರತೊಡಗುತ್ತದೆ.

ಇಲ್ಲಿಯವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. ಎಡವುವುದು ಮುಂದೆ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ‘ಅಷ್ಟೊಂದು ನೀರು ತುಂಬಿದೆಯಲ್ಲ, ಬರಪೀಡಿತ ಜಿಲ್ಲೆಗೆ ಯಾಕೆ ಕೊಡಬಾರದು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಎಷ್ಟು ನೀರು ಎನ್ನುವುದಕ್ಕಿಂತ ಮೊದಲು, ಅದು ಯಾವ ಬಂಡೆಯನ್ನು ತೊಳೆದು ಬಂದ ನೀರು ಎಂದು ಕೇಳಬೇಕು.

ಅದಿರು ನೀರಿನಲ್ಲಿ ನೆನೆದು ನೆನೆದು ವಿಷ ಬಿಡುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅಸಲು ಕೆಡುಕು ಶುರುವಾಗುವುದು ಗಣಿ ಒಣಗಿದ್ದಾಗ! ಅದಿರಿನ ಜತೆ ಇರಬಹುದಾದ ಪೈರೈಟ್ ಎಂದರೆ ಕಬ್ಬಿಣ, ಗಂಧಕ ಬೆರೆತ ಖನಿಜ. ನೀರಿನಡಿ ಇರುವಷ್ಟು ಕಾಲ ಅದು ಸಾಧು. ಯಾಕೆಂದರೆ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 8–10 ಮಿಲಿಗ್ರಾಂ. ಪಂಪು ನೀರಿಳಿಸಿದೊಡನೆ ಬಿರುಕುಗಳಿಗೆ ತೇವದ ಗಾಳಿ ನುಗ್ಗುತ್ತದೆ. ಪೈರೈಟ್ ಕೊಳೆತು ಆಮ್ಲವಾಗುತ್ತದೆ. ಕಬ್ಬಿಣದಿಂದಲೇ ಹೊಟ್ಟೆ ಹೊರೆಯುವ ಬ್ಯಾಕ್ಟೀರಿಯಾಗಳು ಈ ಕೆಲಸವನ್ನು ಎಷ್ಟೋ ಪಟ್ಟು ಚುರುಕುಗೊಳಿಸುತ್ತವೆ. ಸುರಂಗದ ಗೋಡೆಯ ಮೇಲೆ ಬಿಳಿ, ಹಳದಿ, ಹಸಿರು ಲವಣ ಹೊಪ್ಪಳೆಗಟ್ಟುತ್ತದೆ. ದಶಕಗಳ ಈ ಶೇಖರಣೆಯನ್ನು ಏರುವ ನೀರು ಬೇಗನೆ ಕರಗಿಸಿಕೊಳ್ಳುತ್ತದೆ. ಹಾಗಾಗಿ ಮೊದಲು ತುಂಬುವ ನೀರೇ ಅತಿ ಕೆಟ್ಟದ್ದು.

ಇಂಗ್ಲೆಂಡಿನ ಕಾರ್ನ್‌ವಾಲ್‌ನ ವೀಲ್ ಜೇನ್ ತವರದ ಗಣಿಯಲ್ಲಿ ಆದದ್ದು ಇದೇ. 1991ರಲ್ಲಿ ಪಂಪು ನಿಂತಿತು. 1992ರ ಜನವರಿಯಲ್ಲಿ ಕಬ್ಬಿಣ, ಸತು, ಕ್ಯಾಡ್ಮಿಯಂ ತುಂಬಿದ ನೀರು ಹಳೆಯ ಸುರಂಗವೊಂದರಿಂದ ಒಡೆದು ಬಂದು ಕಾರ್ನನ್ ನದಿಯನ್ನು ಕೇಸರಿ ಬಣ್ಣಕ್ಕೆ ತಿರುಗಿಸಿತು. ಆ ನೀರನ್ನು ಇವತ್ತಿಗೂ ಶುದ್ಧೀಕರಿಸಿಯೇ ನದಿಗೆ ಬಿಡಬೇಕಾಗಿದೆ.

ಹಾಗೆಂದು ಕೋಲಾರಕ್ಕೂ ಇದೇ ಗತಿ ಎನ್ನಲಾಗದು. ಚಾಂಪಿಯನ್ ರೀಫ್‌ನ ಮುಖ್ಯ ಚಿನ್ನದ ಪದರ ಬೆಣಚುಕಲ್ಲಿನದು, ಗಂಧಕದ ಖನಿಜ ಕಡಿಮೆ. ಪಶ್ಚಿಮದ ಪದರಗಳಲ್ಲಿ ಅದು ಹೆಚ್ಚು. ಒಂದೇ ಊರಿನಲ್ಲಿ ಎರಡು ಬಗೆಯ ಬಂಡೆ!

ಇನ್ನೊಂದು ಸಂಗತಿ: ತುಂಬಿದ ಶಾಫ್ಟಿನಲ್ಲಿ, ಅಂದರೆ ಗಣಿಗೆ ನೆಟ್ಟಗೆ ಇಳಿಯುವ ಬಾವಿಯಲ್ಲಿ, ನೀರು ಸಾಮಾನ್ಯವಾಗಿ ಪದರಪದರವಾಗಿ ನಿಲ್ಲುತ್ತದೆ. ಮೇಲೆ ಮಳೆಯ ತಿಳಿನೀರು, ಕೆಳಗೆ ಲವಣದ ಭಾರನೀರು. ಶಾಫ್ಟಿನ ಬಾಯಿಯಿಂದ ಒಂದು ಬಾಟಲಿ ನೀರೆತ್ತಿ ಪರೀಕ್ಷಿಸಿ ‘ಕುಡಿಯಲು ಯೋಗ್ಯ’ ಎಂದು ಬರೆದರೆ ಅದು ಮೇಲ್ಪದರಕ್ಕಷ್ಟೇ ಕೊಟ್ಟ ಸರ್ಟಿಫಿಕೇಟು. ಜೋರಾಗಿ ಪಂಪು ಮಾಡತೊಡಗಿದರೆ ಕೆಳಗಿನದೂ ಮೇಲೇರಿ ಬರಬಹುದು. ಆದ್ದರಿಂದ ಪೈಪು ಇಳಿಸುವ ಮೊದಲು, ಬೇರೆ ಬೇರೆ ಆಳದಲ್ಲಿ, ಮಳೆಗಾಲದಲ್ಲೂ ಬೇಸಿಗೆಯಲ್ಲೂ, ವರ್ಷಗಟ್ಟಲೆ ಅಳೆಯುವವರು ಬೇಕು. ಭೂವಿಜ್ಞಾನ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಸಂಶೋಧನಾ ವಿಷಯ ಮನೆ ಹತ್ತಿರ ಸಿಗಲಿಕ್ಕಿಲ್ಲ.