ಕಾರಿನ ಚಾರ್ಜರು: ಪೆಟ್ಟಿಗೆಗಿಂತ ಮೊದಲು ನೆಲ ನೋಡಿ

ವಿದ್ಯುತ್ ಕಾರು ಕೊಳ್ಳುವ ಯೋಚನೆ ಈಗ ನಮ್ಮ ಸಣ್ಣ ಬೆಳೆಗಾರರಲ್ಲೂ ಮೂಡಿದೆ. ಮನೆಯಲ್ಲಿ ಎಂಥ ಚಾರ್ಜರು ಹಾಕಿಸಬೇಕೆಂಬುದೇ ಮೊದಲ ಪ್ರಶ್ನೆ. ಇದಕ್ಕೆ ನಾವು ಬಯಲುನಾಡಿನ ಯಾದಗಿರಿ, ಶಹಾಪುರ, ಸುರಪುರಗಳ ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ. ಅಲ್ಲಿಯ ಬಿಸಿಲಿಗೂ ಎರೆ ಮಣ್ಣಿಗೂ ತಡೆದುಕೊಳ್ಳುವ ಏರ್ಪಾಡು ನಮ್ಮ ಮಲೆನಾಡಿನಲ್ಲೂ ತಡೆಯುತ್ತದೆ.

ಮೊದಲು ಅಗತ್ಯದ ಲೆಕ್ಕ. ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗಿಬರಲು ಸುಮಾರು 120 ಕಿಲೋಮೀಟರು. ಸಣ್ಣ ಕಾರು ಯೂನಿಟ್ಟಿಗೆ 6 ಕಿಲೋಮೀಟರು ಓಡಿದರೂ 20 ಯೂನಿಟ್ಟು ಸಾಕು. 3.3 ಕಿಲೋವ್ಯಾಟಿನ ಚಾರ್ಜರು ಇದನ್ನು ಆರೇಳು ತಾಸಿನಲ್ಲಿ, ಅಂದರೆ ಒಂದೇ ರಾತ್ರಿಯಲ್ಲಿ ತುಂಬುತ್ತದೆ. 7.2 ಕಿಲೋವ್ಯಾಟಿನದು ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ತುಂಬುತ್ತದಾದರೂ 32 ಆಂಪಿಯರು ಎಳೆಯುತ್ತದೆ. ಅದಕ್ಕೆ ಮಂಜೂರಾದ ಲೋಡನ್ನೂ ವೈರನ್ನೂ ಹೆಚ್ಚಿಸಬೇಕಾದೀತು.

ಇನ್ನು ಅರ್ಥಿಂಗ್. ನಮ್ಮ ದೃಷ್ಟಿಯಲ್ಲಿ ಇದೇ ಮುಖ್ಯ. ಎರೆ ಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಹೂತ ಸಲಾಕೆಗೆ ಮಣ್ಣಿನ ಹಿಡಿತ ತಪ್ಪುತ್ತದೆ. ನಮ್ಮ ಕಲ್ಲುಮಿಶ್ರಿತ ಜಂಬಿಟ್ಟಿಗೆ ನೆಲವೂ ಬೇಸಿಗೆಯಲ್ಲಿ ಇದಕ್ಕಿಂತ ಮೇಲಲ್ಲ. ಅರ್ಥಿಂಗ್ ಕೆಟ್ಟರೆ, ಸೋರಿದ ವಿದ್ಯುತ್ತು ಕಾರಿನ ಮೈಯನ್ನೇ ಹಿಡಿದು ನಿಲ್ಲಬಹುದು. ಆದುದರಿಂದ ಚಾರ್ಜರಿಗೆ ಪ್ರತ್ಯೇಕ ಅರ್ಥಿಂಗ್ ಮಾಡಿಸಿ, ಏಪ್ರಿಲ್-ಮೇ ತಿಂಗಳಲ್ಲಿ ಅಳತೆ ಮಾಡಿಸಿರಿ. 5 ಓಮಿಗಿಂತ ಕಡಿಮೆ ಬಂದರೆ ಸಮಾಧಾನ.

ಮೂರನೆಯದು, ಸೋರಿಕೆ ಕಂಡೊಡನೆ ಲೈನು ಕಡಿಯುವ ಆರ್.ಸಿ.ಸಿ.ಬಿ. ಇದು 30 ಮಿಲಿಆಂಪಿಯರಿನದಾಗಿರಲಿ. ಮನೆಗೆ ಹಾಕುವ ಮಾಮೂಲು 'ಎ.ಸಿ.' ನಮೂನೆ ಕಾರಿಗೆ ಸಾಲದು. ಕಾರಿನಿಂದ ಡಿ.ಸಿ. ಸೋರಿದರೆ ಅದು ಕೆಲಸ ಮಾಡದೆ ಇರಬಹುದು. 'ಬಿ' ನಮೂನೆ ಇರಬೇಕು. ಇಲ್ಲವೆ 'ಎ' ನಮೂನೆಯೊಂದಿಗೆ 6 ಮಿಲಿಆಂಪಿಯರು ಡಿ.ಸಿ. ಸೋರಿಕೆ ಹಿಡಿಯುವ ಸೌಲಭ್ಯ ಚಾರ್ಜರಿನಲ್ಲೇ ಇರಬೇಕು. ಐ.ಎಸ್. 17017 ಮಾನಕಕ್ಕೆ ಒಪ್ಪುವುದೇ ಎಂದು ಅಂಗಡಿಯಲ್ಲಿ ಕೇಳಿರಿ. ಯಾದಗಿರಿ ಕಡೆ ಬೇಸಿಗೆಯ ಬಿಸಿ 40 ಡಿಗ್ರಿ ದಾಟುವುದರಿಂದ ಪೆಟ್ಟಿಗೆ ನೆರಳಿನಲ್ಲಿರಲಿ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎಂದೂ ಚಾರ್ಜು ಮಾಡಬೇಡಿರಿ.

ನಾಲ್ಕನೆಯದು ಬೀಗ. ಮೊಬೈಲಿನಿಂದ ನಡೆಸುವ ಚಾರ್ಜರಿಗೆ ಕಂಪನಿ ಕೊಟ್ಟ ಗುಪ್ತಪದವನ್ನು ಮೊದಲ ದಿನವೇ ಬದಲಿಸಿರಿ. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಗುಪ್ತಪದ ಇಡುವುದನ್ನು ಬ್ರಿಟನ್ ದೇಶವು 2022ರ ಡಿಸೆಂಬರ್ 30ರಿಂದ ಕಾನೂನಿನಲ್ಲೇ ತಡೆದಿದೆ. ಮೊಬೈಲಿನ ಗೊಡವೆ ಬೇಡವೆಂದರೆ ಸಾದಾ ಚಾರ್ಜರು ಕೊಂಡು, ಹೊರಗೆ ಬೀಗವಿರುವ ಸ್ವಿಚ್ಚು ಹಾಕಿಸಿದರಾಯಿತು.

ಕೊನೆಗೆ ಬಿಲ್ಲಿನ ವಿಷಯ. ಮನೆಯ ಸಂಪರ್ಕದಿಂದಲೇ ಕಾರು ಚಾರ್ಜು ಮಾಡಲು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಅವಕಾಶ ಕೊಟ್ಟಿತು. ಆದರೆ ಗೃಹಜ್ಯೋತಿ ಪಡೆಯುವವರು ಎಚ್ಚರವಾಗಿರಬೇಕು: ತಿಂಗಳಿಗೆ 200 ಯೂನಿಟ್ಟು ಮೀರಿದರೆ ಪೂರ್ತಿ ಬಿಲ್ಲು ತೆರಬೇಕಾಗುತ್ತದೆ. ಮೇಲೆ ಹೇಳಿದ ಪ್ರಯಾಣವನ್ನು ವಾರಕ್ಕೊಮ್ಮೆ ಮಾಡಿದರೂ ತಿಂಗಳಿಗೆ 80 ಯೂನಿಟ್ಟು ಏರುತ್ತದೆ. ನೀರಾವರಿ ಪಂಪ್‌ಸೆಟ್ಟಿನ ಲೈನಿನಿಂದ ಕಾರಿಗೆ ಎಳೆಯುವುದಂತೂ ಸಲ್ಲದು. ಆ ಉಚಿತ ವಿದ್ಯುತ್ತು ನೀರಾವರಿಗಷ್ಟೇ. ಲೋಡು ಹೆಚ್ಚಿಸಲು ಯಾದಗಿರಿ ಕಡೆಯವರು ಜೆಸ್ಕಾಂಗೆ, ಚಿಕ್ಕಮಗಳೂರು, ಶಿವಮೊಗ್ಗದವರು ಮೆಸ್ಕಾಂಗೆ, ಕೊಡಗು, ಹಾಸನದವರು ಸೆಸ್ಕ್‌ಗೆ ಅರ್ಜಿ ಕೊಡಬೇಕು.

ಚಾರ್ಜರಿನ ಬೆಲೆ ವಿಚಾರಿಸುವ ಮೊದಲು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಅರ್ಥಿಂಗ್ ಅಳೆಯಿಸಿರಿ. ರಾತ್ರಿಯೆಲ್ಲ ಅಂಗಳದಲ್ಲಿ ನಿಂತು ವಿದ್ಯುತ್ತು ಕುಡಿಯುವ ಕಾರನ್ನು ಬೆಳಿಗ್ಗೆ ಮೊದಲು ಮುಟ್ಟುವವರು ಮನೆಯ ಮಕ್ಕಳೇ ಆಗಿರಬಹುದು.