ಪೈಪಿನ ಮೇಲೆ ಒಂದು ಟನ್: ಭಾರದ ಪೆಟ್ಟಿಗೆ ಸರಿಸುವ ಕ್ರಮ

ಶಹಾಬಾದಿನ ಪರ್ಸಿ ಕಲ್ಲಿನ ಪಾಲಿಷ್ ಘಟಕಕ್ಕೆ ಹೊಸ ಯಂತ್ರ ಬರುತ್ತದೆ, ಸೇಡಂ ಕಡೆಯ ಬೇಳೆ ಮಿಲ್ಲಿಗೆ ದೊಡ್ಡ ಮೋಟರ್ ಬರುತ್ತದೆ. ಮರದ ಪೆಟ್ಟಿಗೆಯನ್ನು ಲಾರಿಯಿಂದ ಇಳಿಸಲು ಹೈಡ್ರಾ ಕ್ರೇನ್ ಸಿಗುತ್ತದೆ. ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸಿಮೆಂಟ್ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಆದರೆ ತಗಡಿನ ಶೆಡ್ಡಿನೊಳಗೆ ಹೈಡ್ರಾದ ತೋಳು ಹಿಡಿಸುವುದಿಲ್ಲ. ಬಾಗಿಲಿನಿಂದ ಯಂತ್ರ ಕೂರಿಸುವ ಕಟ್ಟೆಯ ತನಕದ ಮೂವತ್ತು ನಲವತ್ತು ಅಡಿಯನ್ನು ಜನರೇ ದಾಟಿಸಬೇಕು. ಅಲ್ಲಿ ಕೆಲಸಕ್ಕೆ ಬರುವುದು ಆರು ಕಬ್ಬಿಣದ ಪೈಪು, ಎರಡು ಹಾರೆ, ಗಟ್ಟಿ ಹಗ್ಗ, ಒಂದಿಷ್ಟು ಮರದ ಗುಟ್ಕ ಮತ್ತು ಬೆಣೆ.

ಈ ವಿಧಾನಕ್ಕೆ ಖರ್ಚು ಕಡಿಮೆ. ಕ್ರಮ ತಪ್ಪಿದರೆ ಮಾತ್ರ ಬೆರಳು, ಪಾದ ಜಜ್ಜಿಹೋಗುತ್ತವೆ. ಪೈಪಿನ ಮೇಲೆ ಕೂತ ಭಾರವನ್ನು ಹೊರಡಿಸುವುದು ಸುಲಭ. ಬೇಕೆಂದಲ್ಲಿ ನಿಲ್ಲಿಸುವುದೇ ನಿಜವಾದ ಕಸುಬು.

ಉರುಳಿದರೆ ಹಗುರ ಏಕೆ?

ಒಂದು ಟನ್ ತೂಕದ ಮರದ ಪೆಟ್ಟಿಗೆಯನ್ನು ಕಾಂಕ್ರೀಟ್ ನೆಲದ ಮೇಲೆ ಹಾಗೇ ಎಳೆದರೆ ತಳವೆಲ್ಲ ನೆಲಕ್ಕೆ ಉಜ್ಜುತ್ತದೆ. ಆ ಘರ್ಷಣೆ ಮೀರಲು ಸುಮಾರು 400ರಿಂದ 600 ಕೆ.ಜಿ.ಯಷ್ಟು ಎಳೆತ ಬೇಕು. ನಾಲ್ಕೈದು ಜನರಿಂದ ಅದು ಆಗುವ ಮಾತಲ್ಲ. ಅಡಿಗೆ ಪೈಪು ಕೊಟ್ಟರೆ ಉಜ್ಜಾಟ ನಿಂತು ಉರುಳಾಟ ಶುರುವಾಗುತ್ತದೆ. ಗಟ್ಟಿಯಾದ ಸಮತಟ್ಟು ನೆಲದಲ್ಲಿ ಅದೇ ಪೆಟ್ಟಿಗೆಗೆ 20ರಿಂದ 50 ಕೆ.ಜಿ. ಎಳೆತ ಸಾಕಾಗುತ್ತದೆ.

ಅಷ್ಟು ಎಳೆತವಾದರೂ ಏಕೆ ಬೇಕು? ಭಾರಕ್ಕೆ ಪೈಪು ಮೇಲಿನ ಮರದಲ್ಲಿಯೂ ಕೆಳಗಿನ ನೆಲದಲ್ಲಿಯೂ ಕೂದಲೆಳೆಯಷ್ಟು ತಗ್ಗು ಮಾಡಿಕೊಳ್ಳುತ್ತದೆ. ಪ್ರತಿ ಕ್ಷಣವೂ ಅದು ಆ ತಗ್ಗಿನಿಂದ ಹತ್ತಿ ಹೊರಬರಬೇಕು. ನೆಲ ಮೆತ್ತಗಿದ್ದಷ್ಟೂ ತಗ್ಗು ಆಳ. ಪೈಪು ದಪ್ಪವಿದ್ದಷ್ಟೂ ಅದನ್ನು ದಾಟುವುದು ಸಲೀಸು.

ಎಂಥ ಪೈಪು, ಎಷ್ಟು?

ಒಂದು ಟನ್ನಿನ ಕೆಲಸಕ್ಕೆ 2 ಇಂಚಿನ ಕಬ್ಬಿಣದ ಪೈಪು ಸರಿ. ಅದರ ಹೊರ ಅಳತೆ 60.3 ಮಿ.ಮೀ. ಲೈಟ್, ಮೀಡಿಯಂ, ಹೆವಿ ಎಂಬ ಮೂರು ದರ್ಜೆಗಳಿಗೂ ಹೊರ ಅಳತೆ ಹೆಚ್ಚುಕಡಿಮೆ ಒಂದೇ, ಗೋಡೆಯ ದಪ್ಪ ಬೇರೆ. ಹಳದಿ ಪಟ್ಟಿಯ ಲೈಟ್ ಪೈಪು ಭಾರಕ್ಕೆ ಚಪ್ಪಟೆಯಾಗುವ ಭಯವಿದೆ. ನೀಲಿ ಅಥವಾ ಕೆಂಪು ಪಟ್ಟಿಯದನ್ನೇ ಆರಿಸಿ. ಡೊಂಕಾದ, ಪೆಟ್ಟು ತಿಂದ, ಕಾಲರ್ ಕೂತ ಪೈಪು ಬೇಡ. ಒಂದು ಪೈಪು ಉಳಿದವಕ್ಕಿಂತ ದಪ್ಪವಿದ್ದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ.

ಪೆಟ್ಟಿಗೆಯ ಅಗಲಕ್ಕಿಂತ ಪೈಪು ಎರಡೂ ಕಡೆ ಅರ್ಧ ಅಡಿ ಹೊರಗೆ ಚಾಚಿರಲಿ. ಆಗ ಅದನ್ನು ಸರಿಪಡಿಸಲು ಯಾರೂ ಪೆಟ್ಟಿಗೆಯಡಿ ಕೈ ಹಾಕಬೇಕಾಗುವುದಿಲ್ಲ. ಯಾವ ಗಳಿಗೆಯಲ್ಲೂ ಕನಿಷ್ಠ ಮೂರು ಪೈಪು ಅಡಿಯಲ್ಲಿರಬೇಕು. ಎರಡೇ ಉಳಿದು, ಪೆಟ್ಟಿಗೆಯ ನಡುಭಾಗ ಮುಂದಿನ ಪೈಪನ್ನು ದಾಟಿತೆಂದರೆ ಮೂತಿ ನೆಲಕ್ಕೆ ಬಡಿಯುತ್ತದೆ.

ಪೆಟ್ಟಿಗೆ ಎರಡು ಅಡಿ ಮುಂದೆ ಹೋದಾಗ ಪೈಪು ಒಂದೇ ಅಡಿ ಹೋಗುತ್ತದೆ. ಹಾಗಾಗಿ ಆರು ಅಡಿ ಉದ್ದದ ಪೆಟ್ಟಿಗೆಯ ಮೂತಿಗೆ ಕೊಟ್ಟ ಪೈಪು, ಪೆಟ್ಟಿಗೆ ಹನ್ನೆರಡು ಅಡಿ ಸಾಗಿದ ಮೇಲೆ ಹಿಂದಿನಿಂದ ಹೊರಬೀಳುತ್ತದೆ. ಒಂದೂವರೆ ಅಡಿಗೊಂದರಂತೆ ನಾಲ್ಕು ಪೈಪು ಪೆಟ್ಟಿಗೆಯ ಕೆಳಗೆ, ಎರಡು ಕೈಯಲ್ಲಿ ಇದ್ದರೆ ಎಷ್ಟು ದೂರಕ್ಕಾದರೂ ಸಾಲುತ್ತದೆ.

ಮೊದಲು ನೆಲ ನೋಡಿ

ಈ ಭಾಗದ ಶೆಡ್ಡುಗಳಲ್ಲಿ ಪರ್ಸಿ ಹಾಸಿದ ನೆಲವೇ ಹೆಚ್ಚು. ಅಡಿಯಲ್ಲಿ ಗಟ್ಟಿ ಆಧಾರವಿದ್ದರೆ ಶಹಾಬಾದ್ ಕಲ್ಲು ಭಾರ ತಾಳುತ್ತದೆ. ಟೊಳ್ಳಿದ್ದರೆ ಪೈಪಿನ ಒತ್ತಡಕ್ಕೆ ಬಿರಿಯುತ್ತದೆ. ಪೆಟ್ಟಿಗೆ ಸಾಗುವ ದಾರಿಯುದ್ದಕ್ಕೂ ಹಾರೆಯ ತುದಿಯಿಂದ ಮೆಲ್ಲಗೆ ಕುಟ್ಟಿ ನೋಡಿ. ಬೊಳ್ ಎಂದು ಸದ್ದು ಬಂದ ಕಲ್ಲಿಗೆ ಗುರುತು ಹಾಕಿ, ಅದರ ಮೇಲೆ ದಪ್ಪ ಹಲಗೆ ಇಲ್ಲವೇ ಕಬ್ಬಿಣದ ಪ್ಲೇಟ್ ಹಾಸಿ. ಕಲ್ಲಿನ ಸಂದು, ಹೊಸ್ತಿಲು, ಚರಂಡಿಯ ಮುಚ್ಚಳಕ್ಕೂ ಇದೇ ಉಪಾಯ.

ಅಂಗಳದ ಎರೆಮಣ್ಣಿನ ಮೇಲೆ ಪೈಪನ್ನು ನೇರವಾಗಿ ಇಡಲೇಬಾರದು. ಒಣಗಿದಾಗ ಬಿರುಕಿನೊಳಗೆ ಸಿಕ್ಕಿಕೊಳ್ಳುತ್ತದೆ, ಮಳೆ ಬಿದ್ದಾಗ ಹೂತುಹೋಗುತ್ತದೆ. ಎರಡು ಸಾಲು ದಪ್ಪ ಹಲಗೆ ಅಥವಾ ಚಾನೆಲ್ ಹಾಸಿ ಹಳಿ ಮಾಡಿಕೊಳ್ಳಬೇಕು. ಹಿಂದೆ ಖಾಲಿಯಾದದ್ದನ್ನು ತಂದು ಮುಂದೆ ಹಾಸಬೇಕು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪೀಟರ್ ದೊರೆಯ ಪ್ರತಿಮೆಗೆ ಪೀಠವಾಗಿರುವ, ಸಾವಿರ ಟನ್ನಿಗೂ ಮೀರಿದ ಬಂಡೆಯನ್ನು 1769–70ರಲ್ಲಿ ಸಾಗಿಸಿದ್ದೂ ಹೀಗೆಯೇ. ಜೌಗು ನೆಲ ಚಳಿಗೆ ಹೆಪ್ಪುಗಟ್ಟುವ ತನಕ ಕಾದು, ಹಳಿ ಹಾಸಿ, ಲೋಹದ ಗುಂಡುಗಳ ಮೇಲೆ ಅದನ್ನು ಉರುಳಿಸಿದರು. ಹಿಂದಿನ ಹಳಿ ಮುಂದಕ್ಕೆ ಬರುತ್ತಿತ್ತು.

ಪೆಟ್ಟಿಗೆಯ ತಳವನ್ನೂ ನೋಡಿ. ಉದ್ದಕ್ಕೆ ಎರಡು ದಿಮ್ಮಿ ಜಡಿದಿದ್ದರೆ ಪೈಪು ಅವಕ್ಕೆ ಅಡ್ಡ ಬರುವಂತೆ ಇಡಬೇಕು. ಅಡ್ಡಪಟ್ಟಿಗಳೇ ಇದ್ದರೆ ಪೈಪು ಅವುಗಳ ನಡುವಿನ ಸಂದಿಗೆ ಬೀಳುತ್ತದೆ; ಆಗ ಪೆಟ್ಟಿಗೆಗೂ ಪೈಪಿಗೂ ನಡುವೆ ಎರಡು ಉದ್ದ ಹಲಗೆ ಕೊಡಿ.

ಎತ್ತಿ, ನಡೆಸಿ, ತಿರುಗಿಸಿ

ಪೂರಾ ಪೆಟ್ಟಿಗೆಯನ್ನು ಎತ್ತಬೇಕಾಗಿಲ್ಲ, ಒಂದು ತುದಿ ಎತ್ತಿದರೆ ಸಾಕು. ಆಗ ಹಾರೆಯ ಪಾಲಿಗೆ ಬರುವುದು ಸುಮಾರು ಅರ್ಧ ತೂಕ. 150 ಸೆಂ.ಮೀ. ಹಾರೆಗೆ ಮೂತಿಯಿಂದ 10 ಸೆಂ.ಮೀ. ದೂರದಲ್ಲಿ ಗುಟ್ಕ ಕೊಟ್ಟರೆ, ಒತ್ತಿದ ಬಲ 14 ಪಟ್ಟಾಗುತ್ತದೆ. ಒಬ್ಬರು 40 ಕೆ.ಜಿ. ಭಾರ ಹಾಕಿದರೆ ಆಚೆ ತುದಿಯಲ್ಲಿ 560 ಕೆ.ಜಿ. ಏಳುತ್ತದೆ. ಇಬ್ಬರು ಎರಡು ಮೂಲೆಗೆ ಹಾರೆ ಹಾಕಿ ಒಟ್ಟಿಗೆ ಒತ್ತಲಿ. ಎದ್ದಷ್ಟಕ್ಕೆ ಗುಟ್ಕ ತಳ್ಳಿ ಭದ್ರ ಮಾಡಿ, ಆಮೇಲೆ ಪೈಪನ್ನು ಪಕ್ಕದಿಂದ ತೂರಿಸಿ. ಹಾರೆಯೊಂದೇ ಹಿಡಿದಿರುವ ಭಾರದಡಿ ಯಾರ ಕೈಯೂ ಹೋಗಬಾರದು. ಹಾರೆಗಿಂತ ಜಾಕ್ ಇನ್ನೂ ಒಳ್ಳೆಯದು.

ಹಗ್ಗವನ್ನು ಪೆಟ್ಟಿಗೆಯ ಬುಡಕ್ಕೆ ಕಟ್ಟಿ. ತಳ್ಳುವಾಗಲೂ ಕೈ ಕೆಳಗಿರಲಿ. ಎತ್ತರದ ಪೆಟ್ಟಿಗೆಯನ್ನು ಮೇಲೆ ತಳ್ಳಿದರೆ ಅದು ಮುಂದೆ ಹೋಗದೆ ಮಗುಚುತ್ತದೆ. ಹೊರಡುವಾಗ ಜೋರಾಗಿ ಜಗ್ಗಬೇಡಿ, ನಡಿಗೆಯ ವೇಗಕ್ಕಿಂತ ನಿಧಾನ ಸಾಗಲಿ. ಮುಂದಿನವರು ಪೈಪು ಕೊಟ್ಟಾದ ಮೇಲೆಯೇ ಮುಂದಿನ ಹೆಜ್ಜೆ.

ಬಲಕ್ಕೆ ತಿರುಗಬೇಕಾದರೆ ಮುಂದಿನ ಪೈಪಿನ ಎಡತುದಿಯನ್ನು ಸುತ್ತಿಗೆಯಿಂದ ಮುಂದಕ್ಕೆ, ಬಲತುದಿಯನ್ನು ಹಿಂದಕ್ಕೆ ತಟ್ಟಿ. ಎಡಕ್ಕಾದರೆ ಇದರ ತಿರುವುಮುರುವು. ಪೆಟ್ಟಿಗೆ ನಿಂತಿರುವಾಗ ಮಾತ್ರ ತಟ್ಟಬೇಕು, ಕಾಲಿನಿಂದ ಒದೆಯಲೇಬಾರದು. ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಓರೆ ಮಾಡಿ.

ಇಳಿಜಾರೇ ಶತ್ರು

20 ಅಡಿಗೆ 1 ಅಡಿ ಇಳಿಜಾರು ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಆದರೆ ಅಲ್ಲಿ ಒಂದು ಟನ್ ಪೆಟ್ಟಿಗೆಯನ್ನು ಭೂಮಿಯೇ 50 ಕೆ.ಜಿ. ಬಲದಿಂದ ಕೆಳಕ್ಕೆ ಎಳೆಯುತ್ತಿರುತ್ತದೆ. ಪೈಪಿನ ಮೇಲೆ ಅದು ತಾನಾಗಿಯೇ ಹೊರಡಲು ಇಷ್ಟು ಸಾಕು. ಆದ್ದರಿಂದ ಗವಂಡಿಯ ನೀರಿನ ಟ್ಯೂಬ್ ಹಿಡಿದು ದಾರಿಯ ಮಟ್ಟ ನೋಡಿಕೊಳ್ಳಿ. ನೆಲ ಸ್ವಲ್ಪ ವಾಲಿದ್ದರೂ ಹಿಂದಿನಿಂದ ಇನ್ನೊಂದು ಹಗ್ಗ ಕಟ್ಟಿ, ಗಟ್ಟಿ ಕಂಬಕ್ಕೆ ಎರಡು ಮೂರು ಸುತ್ತು ಹಾಕಿ ಮೆಲ್ಲಗೆ ಬಿಡುತ್ತ ಹೋಗಿ. ಸುತ್ತಿದ ಹಗ್ಗದ ಬಿಗಿತದಿಂದ ಒಬ್ಬರೇ ದೊಡ್ಡ ಭಾರ ತಡೆಯಬಲ್ಲರು. ಇಬ್ಬರು ಬೆಣೆ ಹಿಡಿದು ಪಕ್ಕದಲ್ಲಿರಲಿ. ಇಳಿಜಾರಿನ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು.

ಇದೇ ತತ್ತ್ವದ ದೊಡ್ಡ ರೂಪ ನಮ್ಮ ಸಿಮೆಂಟ್ ಕಾರ್ಖಾನೆಗಳಲ್ಲಿದೆ. ಸುಣ್ಣದಕಲ್ಲು ಸುಡುವ ಕಿಲ್ನ್ ಎಂಬ ಭಾರೀ ಉಕ್ಕಿನ ಕೊಳವೆ ರೋಲರುಗಳ ಮೇಲೆ ಕೂತು ತಿರುಗುತ್ತದೆ. ಒಳಗಿನ ಮಾಲು ಮುಂದೆ ಸರಿಯಲೆಂದು ಅದನ್ನು ಸಾಮಾನ್ಯವಾಗಿ ಶೇ 3ರಿಂದ 4ರಷ್ಟು ಇಳಿಜಾರಾಗಿ ಕಟ್ಟಿರುತ್ತಾರೆ. ಕಿಲ್ನ್ ಕೆಳಕ್ಕೆ ಜಾರದಂತೆ ತಡೆಯಲು ಬೇರೆಯೇ ಥ್ರಸ್ಟ್ ರೋಲರ್ ಇರುತ್ತದೆ. ಆಧಾರದ ರೋಲರುಗಳನ್ನು ತುಸು ಓರೆ ಮಾಡಿಯೂ ಅದರ ಸರಿದಾಟವನ್ನು ಹತೋಟಿಯಲ್ಲಿಡುತ್ತಾರೆ. ಉರುಳುವ ಭಾರಕ್ಕೆ ತಡೆ ಬೇಕೆಂಬುದನ್ನು ಅಲ್ಲಿ ಯಂತ್ರದೊಳಗೇ ಕಟ್ಟಿದ್ದಾರೆ. ಶೆಡ್ಡಿನಲ್ಲಿ ಆ ಹೊಣೆ ಮನುಷ್ಯರದು.

ಒಬ್ಬರ ಮಾತು, ಎಲ್ಲರ ಕಾಲು

ಹೇಳುವವರು ಒಬ್ಬರೇ ಇರಲಿ, ನಿಲ್ಲಿಸುವ ಹಕ್ಕು ಎಲ್ಲರಿಗೂ ಇರಲಿ. ಯಾರ ಬಾಯಿಂದ ‘ನಿಂದ್ರು’ ಬಂದರೂ ಎಳೆಯುವ ಹಗ್ಗ ಸಡಿಲಾಗಿ ಬೆಣೆ ಬೀಳಬೇಕು. ಪೆಟ್ಟಿಗೆ ವಾಲತೊಡಗಿದರೆ ಕೈಕೊಟ್ಟು ತಡೆಯಲು ಹೋಗದೆ ದೂರ ಸರಿಯಿರಿ. ತೂಕ ಗೊತ್ತಿಲ್ಲದಿದ್ದರೆ, ಪೆಟ್ಟಿಗೆ ಅಗಲಕ್ಕಿಂತ ಬಹಳ ಎತ್ತರವಿದ್ದರೆ, ದಾರಿಯಲ್ಲಿ ರ‍್ಯಾಂಪ್ ಇದ್ದರೆ ಪೈಪಿನ ಯೋಚನೆ ಬಿಟ್ಟು ಯಂತ್ರ ಸಾಗಿಸುವ ಅನುಭವಿಗಳನ್ನು ಕರೆಯಿರಿ.

ಘಟಕದ ಮಾಲೀಕರಲ್ಲಿ ಒಂದು ವಿನಂತಿ. ಚಪ್ಪಲಿಯ ಕಾಲಲ್ಲಿ ಯಾರನ್ನೂ ಈ ಕೆಲಸಕ್ಕೆ ಇಳಿಸಬೇಡಿ. ಉಕ್ಕಿನ ಮೂತಿಯ ಬೂಟು, ಕೈಗವಸು ಮೊದಲು ತರಿಸಿ, ಯಂತ್ರದ ಪೆಟ್ಟಿಗೆಗೆ ಆಮೇಲೆ ಕೈ ಹಚ್ಚಿಸಿ.