ಅವರ ಕೈಲೇನಿದೆ? ನಿಮಗೆ ಗೊತ್ತು!

ಯುಗಾದಿ ಮಧ್ಯಾಹ್ನ, ಶಿವರಾತ್ರಿ ಜಾಗರಣೆ, ಮದುವೆಯ ಹಿಂದಿನ ರಾತ್ರಿ... ಜಮಖಾನ ಹಾಸಿ ರಮ್ಮಿಗೆ ಕೂತರೆ ಹೊತ್ತು ಹೋಗಿದ್ದೇ ತಿಳಿಯೋಲ್ಲ ಅಲ್ವೇ? ಆಟದ ನಡುವೆ ‘ನಾದಿನಿ ಆಟೀನ್ ಎಲೆಗೇ ಕಾಯ್ತಿದ್ದಾಳೆ’ ಅಂತ ನಿಮಗೆ ಅನಿಸಿರುತ್ತೆ. ಆದರೂ ‘ನನಗೇನು ಗೊತ್ತಾಗುತ್ತೆ’ ಅಂದುಕೊಂಡು ಅದೇ ಎಲೆ ಎಸೀತೀರಿ. ಆಕೆ ಎತ್ತಿಕೊಂಡು ‘ಶೋ’ ಅಂತಾಳೆ! ‘ಅಂದ್ಕೊಂಡೆ ಕಣೇ’ ಅಂತ ಆಮೇಲೆ ಹೇಳಿ ಏನು ಪ್ರಯೋಜನ?

ನಿಮ್ಮ ಊಹೆ ಸುಮ್ಮನೆ ಹುಟ್ಟಿದ್ದಲ್ಲ. ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕು ಅನ್ನೋ ಜಾಣ್ಮೆ ಬೇಕು. ಹಾಗಾಗಿ ಇದು ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟೇ 1967ರಲ್ಲಿ ಹೇಳಿದೆ. ಆ ಕೌಶಲ ನಿಮ್ಮಲ್ಲೂ ಇದೆ. ಹೀಗೆ ಮಾಡಿ ನೋಡಿ:

* ಎತ್ತಿದ್ದನ್ನು ನೋಡಿ: ನೀವು ಎಸೆದ ಆಟೀನ್ 7 ಅನ್ನು ಪಕ್ಕದವರು ಎತ್ತಿಕೊಂಡರು. ಎರಡು ಸುತ್ತಿನ ನಂತರ ಅವರೇ ಇಸ್ಪೀಟ್ 7 ಬಿಟ್ಟರು. ಅಂದರೆ ಏಳುಗಳ ಸೆಟ್ ಅಲ್ಲ, ಬಹುಶಃ ಆಟೀನ್ ಸೀಕ್ವೆನ್ಸ್. ನಿಮ್ಮಲ್ಲಿರೋ ಆಟೀನ್ 6, 8 ಸದ್ಯಕ್ಕೆ ಬಿಡಬೇಡಿ.

* ಒಂದು ಸುಳಿವು ಸಾಲದು: ಎರಡು ಕಟ್ಟು ಸೇರಿಸಿ ಆಡುವಾಗ ಪ್ರತಿ ಎಲೆಯೂ ಎರಡೆರಡು. ಹೆಚ್ಚಾದ ಜೋಡಿ ಎಲೆಯನ್ನೂ ಎಸೆದಿರಬಹುದು. ಒಂದು ಸುಳಿವು ಬರೀ ಅನುಮಾನ. ಎರಡು ಸುಳಿವು ಒಂದೇ ಕಡೆ ತೋರಿಸಿದರೆ ನಂಬಿ.

* ಮುಖ ನೋಡಿ ಮೋಸಹೋಗಬೇಡಿ: ಕೆಟ್ಟ ಎಲೆ ಬಂದಾಗಲೇ ಹೆಚ್ಚು ನಗುವವರಿದ್ದಾರೆ. ಎತ್ತಿದ್ದು, ಎಸೆದದ್ದು ಮಾತ್ರ ಲೆಕ್ಕಕ್ಕೆ.

* ಡ್ರಾಪ್‌ಗೆ ಹಿಂಜರಿಯಬೇಡಿ: ಸಾಮಾನ್ಯವಾಗಿ ಮೊದಲೇ ಬಿಟ್ಟರೆ 20, ನಡುವೆ ಬಿಟ್ಟರೆ 40, ಸಿಕ್ಕಿಬಿದ್ದರೆ ಹೆಚ್ಚೆಂದರೆ 80. ಎದುರಿನವರು ಎರಡು ಮೂರು ಎಲೆ ಎತ್ತಿಕೊಂಡು, ಈಗ ಕಟ್ಟಿನಿಂದ ಬಂದದ್ದನ್ನೆಲ್ಲ ಯೋಚಿಸದೇ ಎಸೀತಿದ್ದಾರಾ? ಒಂದೇ ಎಲೆಗೆ ಕಾಯ್ತಿರಬಹುದು. ನಿಮ್ಮಲ್ಲಿ ಪ್ಯೂರ್ ಸೀಕ್ವೆನ್ಸೇ ಇಲ್ಲ, ಲೆಕ್ಕ 60 ದಾಟಿದೆ ಅಂದ್ರೆ 40ಕ್ಕೇ ಎದ್ದುಬಿಡಿ. 40ಕ್ಕಿಂತ ಕಡಿಮೆಯಿದ್ದರೆ ಧೈರ್ಯವಾಗಿ ಆಡಿ.

‘ಇದು ಊಹೆಯೋ, ಭಯವೋ?’ ಅಂತ ಕೇಳ್ತೀರಾ? ‘ಯಾಕೆ ಹಾಗನಿಸಿತು’ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಯಾವ ಎಲೆಯಿಂದ ಅಂತ ಹೇಳಲು ಬಂದರೆ ಅದು ಊಹೆ. ಪ್ರತಿ ಆಟದಲ್ಲೂ ಎಲ್ಲರ ಬಳಿಯೂ ಒಳ್ಳೆಯ ಎಲೆಯೇ ಇದೆ ಅನಿಸಿದರೆ ಅದು ಭಯ. ಶೋ ಆಗುವ ಮೊದಲೇ ಮನಸ್ಸಿನಲ್ಲಿ ಉತ್ತರ ಹೇಳಿಕೊಳ್ಳಿ, ಎಲೆ ಬಿಚ್ಚಿದಾಗ ತಾಳೆ ನೋಡಿ. ಸರಿ, ತಪ್ಪು ಎರಡನ್ನೂ ಅಂಕ ಬರೆಯುವ ಪುಸ್ತಕದ ಮೂಲೆಯಲ್ಲಿ ಗುರುತು ಹಾಕಿ. ನಾಲ್ಕಾರು ಸಲ ಕೂತರೆ ನಿಮ್ಮ ಊಹೆ ಎಷ್ಟು ಗಟ್ಟಿ ಅಂತ ನಿಮಗೇ ತಿಳಿಯುತ್ತೆ.

ಆದರೆ ದುಡ್ಡು ಕಟ್ಟಿ ಮಾತ್ರ ಬೇಡ. ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಮನೆಯ ಆಟಕ್ಕೆ ಹುಣಸೆ ಬೀಜವೇ ಸಾಕು.

ಚೀಟಿ ಹಾಕುವಾಗ, ಬಾಡಿಗೆದಾರರನ್ನು ಒಪ್ಪುವಾಗ ‘ಯಾಕೋ ಸರಿಯಿಲ್ಲ’ ಅನಿಸಿಯೂ ಬಾಯಿಮುಚ್ಚಿ ಕೂರುವವರು ನಮ್ಮಲ್ಲಿ ಎಷ್ಟು ಜನ! ಕಾರಣ ಗೊತ್ತಿದ್ದ ಮೇಲೆ ಹೇಳಲು ಸಂಕೋಚವೇಕೆ? ಎಲೆ ಹಿಡಿದಾಗಲೇ ಅಭ್ಯಾಸ ಶುರುಮಾಡಿ. ಇಲ್ಲಿ ತಪ್ಪಿದರೆ ಹೋಗೋದು ನಾಲ್ಕು ಹುಣಸೆ ಬೀಜ ಅಷ್ಟೇ!